ಹತ್ತು ನಿಮಿಷದ ತಂತಿ

"ಹೆಗಲು ಹಿಡ್ಕೊಳ್ಳಿ ಸಾರ್, ವಾಲ್ತಾ ಅವ್ರೆ," ಎಂದ ಮೋಹನ್.

ಕುಮಾರಸ್ವಾಮಿ ಹಿಡಿದುಕೊಂಡರು. ಹೆಣ ತಣ್ಣಗಿತ್ತು. ರುದ್ರಸ್ವಾಮಿಯನ್ನು ಚಕ್ಕಳಮಕ್ಕಳ ಕೂರಿಸಿ, ಗೋಡೆಗೆ ಒರಗಿಸಿ, ಹಣೆಗೆ ಬಿಳಿ ಬಟ್ಟೆ ಸುತ್ತಿ ಕಿಟಕಿ ಸರಳಿಗೆ ಕಟ್ಟಬೇಕಿತ್ತು. ಅವರ ಕಡೆಯವರನ್ನು ಕೂತ ಹಾಗೆಯೇ ಮಣ್ಣು ಮಾಡುವುದು. ಮೋಹನನ ಬಲಗೈಯಲ್ಲಿ ಉಳಿದಿದ್ದು ಹೆಬ್ಬೆರಳು, ಕಿರುಬೆರಳು ಎರಡೇ. ಬಟ್ಟೆಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಗಂಟು ಹಾಕಿದ.

ಆ ಮೂರು ಬೆರಳು ಹೋದದ್ದು ಪಾತ್ರೆ ಕಾರ್ಖಾನೆಯಲ್ಲಿ, ಇದೇ ರುದ್ರಸ್ವಾಮಿ ಪ್ರೆಸ್ಸಿನ ಪೆಡಲ್ ತುಳಿದಾಗ. ರಾಜೀವನಗರದ ಆ ಪುಟ್ಟ ಹಾಲಿನಲ್ಲಿ ಸೇರಿದ್ದವರಿಗೆಲ್ಲ ಅಷ್ಟು ಗೊತ್ತಿತ್ತು. ಮಿಕ್ಕಿದ್ದು ಕುಮಾರಸ್ವಾಮಿಗೆ ಗೊತ್ತಿತ್ತು. ಹನ್ನೊಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡು, ಮಲಗಿ, ಮ್ಯಾನೇಜರೂ ಆದರು, ಪುಣ್ಯಾತ್ಮ.

ರುದ್ರಸ್ವಾಮಿಯ ಹೆಂಡತಿ ಮಹದೇವಮ್ಮ ಅಳುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಬಿಂದುವಿಗೆ, ಅಂದರೆ ಕಾರ್ಖಾನೆಗೆ ಹೊಸದಾಗಿ ಬಂದ ಸೇಫ್ಟಿ ಆಫೀಸರಿಗೆ, ಮೆಲ್ಲಗೆ ಹೇಳುತ್ತಿದ್ದರು: "ಮಿಕ್ಸಿ ಹಾಕೋ ಮುಂಚೆ 'ಕೈ ತೋರ್ಸು' ಅನ್ನೋರು ಕಣಮ್ಮ. ಎರಡೂ ಕೈ ಎತ್ತಬೇಕು. ಆಮೇಲೇ ಸ್ವಿಚ್ಚು. ಪಕ್ಕದ ಮನೇಲಿ ಮಿಕ್ಸಿ ಓಡಿದ್ರೂ ಗಾಬರಿಯಾಗಿ ನನ್ನ ಕಡೆ ನೋಡೋರು. ನಾನು ಕೈ ತೋರ್ಸೋವರ್ಗೂ ಬಾಯಿಗೆ ತುತ್ತು ಇಡ್ತಿರ್ಲಿಲ್ಲ. ಮೊದಮೊದಲು ನಗ್ತಿದ್ದೆ. ಆಮೇಲೆ ನಂಗೇ ರೂಢಿ ಆಗೋಯ್ತು."

ಬಿಂದು ಒಮ್ಮೆ ಕುಮಾರಸ್ವಾಮಿಯ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು.

*

ಹನ್ನೊಂದು ವರ್ಷದ ಹಿಂದಿನ ಆಯುಧಪೂಜೆ. ಪ್ರೆಸ್ಸಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಮೈತುಂಬ ವಿಭೂತಿ ಬಳಿದಿದ್ದರು. ಯಾರು ಬಳಿದರು ಎಂದರೆ ಏನು ಹೇಳುವುದು, ಎಲ್ಲರೂ ಬಳಿದಿದ್ದರು. ಕೈ ಒಳಗಿದ್ದರೆ ಮಿಷನ್ ನಿಲ್ಲಿಸುವ ಸೆನ್ಸರಿನ ಗಾಜಿಗೂ ಮೂರು ಪಟ್ಟೆ ಬಿದ್ದಿತ್ತು. ಮಾಲೀಕರು ಬಂದರು, ಮಂಗಳಾರತಿ ಆಯಿತು, ಪೆಡಲ್ ತುಳಿದರೆ ಪ್ರೆಸ್ ಜಪ್ಪಯ್ಯ ಅನ್ನಲಿಲ್ಲ. ಶಾಸ್ತ್ರಕ್ಕೆ ಒಂದು ತಟ್ಟೆಯಾದರೂ ಒತ್ತಬೇಡವೇ? ಹಚ್ಚಿದ ವಿಭೂತಿಯನ್ನು ಮಾಲೀಕರ ಎದುರು ಒರೆಸುವ ಧೈರ್ಯ ಯಾರಿಗಿದೆ?

ಆಗ ಸೂಪರ್‌ವೈಸರ್ ಆಗಿದ್ದ ಕುಮಾರಸ್ವಾಮಿ ಎಲೆಕ್ಟ್ರಿಷಿಯನ್ ಶಾಮಣ್ಣನ ಕಿವಿಯಲ್ಲಿ ಹೇಳಿದರು: "ಸೆನ್ಸರ್ ತಪ್ಪಿಸಿ ಒಂದು ತಂತಿ ಕೊಡೋ. ಹತ್ತು ನಿಮಿಷ ಅಷ್ಟೇ."

ತಟ್ಟೆ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು, ಪುರಿ, ಸಿಹಿ ಹಂಚಿದರು. ಮಾರನೆಯ ದಿನ ಗಾಜು ಒರೆಸಿದರು. ಒಳಗಿನ ತಂತಿ ಯಾರಿಗೂ ನೆನಪಾಗಲಿಲ್ಲ. ಹದಿನೈದನೆಯ ದಿನ ಪ್ರೆಸ್ಸಿನೊಳಗೆ ಸಿಕ್ಕಿಕೊಂಡಿದ್ದ ತಗಡನ್ನು ಮೋಹನ್ ಬಿಡಿಸುತ್ತಿದ್ದಾಗ ರುದ್ರಸ್ವಾಮಿ ಪೆಡಲ್ ತುಳಿದ.

ಆ ಸಂಜೆಯೇ ಕುಮಾರಸ್ವಾಮಿ ತಂತಿ ಕಿತ್ತು ಜೇಬಿಗೆ ಹಾಕಿಕೊಂಡರು. 'ಕಾರಣ: ಆಪರೇಟರನ ಅಜಾಗರೂಕತೆ' ಎಂದು ವರದಿ ಬರೆದರು. ರುದ್ರಸ್ವಾಮಿಯನ್ನು ಗೋಡೌನಿಗೆ ಹಾಕಿದರು.

*

ಹೋದ ಗುರುವಾರ ಬಿಂದು ಆ ಹಳೇ ಫೈಲು ಹಿಡಿದು ಬಂದಿದ್ದಳು.

"ರುದ್ರಸ್ವಾಮಿಯವರನ್ನ ಕೇಳ್ದೆ ಸಾರ್. 'ತುಳಿದಿದ್ದು ನಾನು, ತಪ್ಪು ನಂದೇ ಕಣಮ್ಮ' ಅಂತಾರೆ. ಯಾರ ತಪ್ಪು ಅಂತ ನಾನು ಕೇಳ್ತಿಲ್ಲ. ಕೈ ಒಳಗಿದ್ರೂ ಮಿಷನ್ ಹೇಗೆ ಓಡ್ತು? ಅಷ್ಟು ಗೊತ್ತಾದ್ರೆ ಸಾಕು."

ಕುಮಾರಸ್ವಾಮಿ ಫೈಲು ಮುಚ್ಚಿ ಮೇಜಿನ ಅಂಚಿಗೆ ಸರಿಸಿದರು.

"ಈ ಸಲದ ಪೂಜೇಲೂ ಎರಡು ಪ್ರೆಸ್ಸಿಗೆ ತಂತಿ ಕೊಟ್ಟಿದ್ರು. ನಾನೇ ಕೀಳಿಸ್ದೆ. ಮಾಲೀಕರು ಎದುರಿಗೆ ನಿಂತಿದ್ರೆ ಯಾರಾದ್ರೂ ಹಾಗೇ ಮಾಡ್ತಾರೆ. ಯಾರಿಗೂ ಶಿಕ್ಷೆ ಇಲ್ಲ ಸಾರ್, ಬರೆದುಕೊಡಿ."

"ಸೋಮವಾರ ಬರೆದುಕೊಡ್ತೀನಮ್ಮ," ಎಂದರು.

ಭಾನುವಾರ ಬೆಳಿಗ್ಗೆ ರುದ್ರಸ್ವಾಮಿ ಎದೆ ಹಿಡಿದುಕೊಂಡು ಕುಸಿದ. ಇವತ್ತು ಸೋಮವಾರ.

*

ರುದ್ರಭೂಮಿಯಲ್ಲಿ ಅವನನ್ನು ಗುಣಿಯ ಗೂಡಿನೊಳಗೆ ಕೂರಿಸಿ, ವಿಭೂತಿ ಸುರಿದು, ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಮೋಹನ್ ಬಲಗೈಯಲ್ಲೇ ಹಾಕಿದ. ಅರ್ಧ ಮಣ್ಣು ಬೆರಳಿಲ್ಲದ ಸಂದಿಯಿಂದ ದಾರಿಯಲ್ಲೇ ಉದುರಿತು. ಅದನ್ನು ನೋಡಿ ಕುಮಾರಸ್ವಾಮಿಗೆ ತಡೆಯಲಾಗಲಿಲ್ಲ. ಅವನನ್ನು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ತಂತಿಯ ವಿಷಯವನ್ನೆಲ್ಲ ಹೇಳಿಬಿಟ್ಟರು.

ಮೋಹನ್ ಕೈಯ ಮಣ್ಣು ಉಜ್ಜಿಕೊಂಡ.

"ನಂಗ್ಯಾಕೆ ಹೇಳ್ತೀರಿ ಸಾರ್? ನಾನು ಯಾವತ್ತೋ ಬುಟ್ಟಾಕ್ದೆ. ಬುಡದೇ ಇದ್ದೋರು ಅವ್ರು." ಗುಣಿಯ ಕಡೆ ನೋಡಿದ. "ಅಮ್ಮೋರಿಗೆ ಹೇಳಿ, ಹೋಗಿ."

ಮನೆಯಲ್ಲಿ ದೀಪ ನೋಡಿ ಜನ ಚದುರಿದ ಮೇಲೆ ಕುಮಾರಸ್ವಾಮಿ ಮಹದೇವಮ್ಮನ ಎದುರು ನೆಲದ ಮೇಲೆ ಕೂತರು. ಬಿಂದು ಇನ್ನೂ ಆಕೆಯ ಪಕ್ಕದಲ್ಲೇ ಇದ್ದಳು. ಕಿಟಕಿ ಸರಳಿನಲ್ಲಿ ಕತ್ತರಿಸಿದ ಬಟ್ಟೆಯ ಗಂಟು ಇನ್ನೂ ಹಾಗೇ ಇತ್ತು. ಒಂದನ್ನೂ ಮುಚ್ಚಿಡದೆ ಹೇಳಿದರು. ಕೊನೆಗೆ, "ನಿಮ್ಮ ಯಜಮಾನರ ತಪ್ಪು ಏನೂ ಇರ್ಲಿಲ್ಲಮ್ಮ," ಎಂದರು.

ಆಕೆ ರೇಗಲಿಲ್ಲ. "ಗುರುವಾರ ಈ ಹುಡುಗಿ ಕೇಳಿದಾಗ್ಲೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಶನಿವಾರ ರಾತ್ರಿ ಉಪ್ಪಿಟ್ಟು ತಿಂತಾ ಕೂತಿದ್ರು. ಅವತ್ತು ಬಂದು ಹೇಳಿದ್ರೂ ಆಗಿತ್ತು," ಎಂದರು ಮಹದೇವಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ಮಿಕ್ಸಿ ಗರ್ರೆಂದು ಓಡತೊಡಗಿತು. ಮಹದೇವಮ್ಮ ಮಡಿಲಿನಿಂದ ಎರಡೂ ಕೈ ಎತ್ತಿ, ಕಿಟಕಿಯ ಕೆಳಗಿನ ಖಾಲಿ ಗೋಡೆಗೆ ಅಂಗೈ ತೋರಿಸಿ ಹಿಡಿದರು. ಮಿಕ್ಸಿ ನಿಂತ ಮೇಲೂ ಇಳಿಸಲಿಲ್ಲ.