ಇನ್ನೂರ ಹನ್ನೊಂದನೆಯ ಪುಟ

ಜಗನ್ ‘ಓದುಮನೆ’ಗೆ ಸೇರಿ ಒಂದು ವರ್ಷವಾಗಿದ್ದರೂ ಅಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ. ಓದುಮನೆ ಎಂದರೆ ಕನ್ನಡ ಪುಸ್ತಕಗಳ ಬಗ್ಗೆ ಮಾತಾಡುವವರ ಒಂದು ಈಮೇಲ್ ಗುಂಪು. ನೂರ ನಲವತ್ತು ಜನರಿದ್ದರು. ಹೆಚ್ಚಿನವರು ಬರ್ಕ್ಲಿ, ಸ್ಯಾನ್ ಹೋಸೆ ಸುತ್ತಮುತ್ತಲ ಬೇ ಏರಿಯಾದವರು, ಕಂಪನಿಗಳಲ್ಲಿ ಕೆಲಸಕ್ಕಿದ್ದವರು. ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಿದ್ದರು. ಒಬ್ಬೊಬ್ಬರ ಕಾಗುಣಿತ ಒಂದೊಂದು ಥರ, ಆದರೂ ಓದಿಕೊಳ್ಳುವುದಕ್ಕೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಜಗನ್ ಬರ್ಕ್ಲಿಯ ಒಂದು ಲ್ಯಾಬಿನಲ್ಲಿ ಮಣ್ಣಿನ ರಸಾಯನಶಾಸ್ತ್ರದ ಮೇಲೆ ಸಂಶೋಧನೆ ಮಾಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ, ಕಾರು ಇರಲಿಲ್ಲ. ಬೆಳಿಗ್ಗೆ ಮಣ್ಣಿನ ಸ್ಯಾಂಪಲ್ಲುಗಳನ್ನು ಒಲೆಯಲ್ಲಿಟ್ಟು ಕಾಯುವ ಹೊತ್ತಿನಲ್ಲಿ ಗುಂಪಿನ ಕಾಗದಗಳನ್ನೆಲ್ಲ ಓದುತ್ತಿದ್ದ. ಅಷ್ಟು ಜನರ ಜಗಳ, ತಮಾಷೆ, ಇಷ್ಟಾನಿಷ್ಟಗಳು ಅವನಿಗೆ ಗೊತ್ತಿದ್ದವು. ಅವನು ಇದ್ದಾನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಫೆಬ್ರವರಿಯಲ್ಲಿ ಡ್ಯಾನ್‌ವಿಲ್‌ನ ಸತ್ಯವತಿ ಎಂಬವರು ಒಂದು ಕಾಗದ ಹಾಕಿದರು. ಅವರ ಗಂಡ ಡಾಕ್ಟರ್ ವಾಸುದೇವ, ಊರು ಮೈಸೂರು. ಎಪ್ಪತ್ತೊಂದರಲ್ಲಿ, ತಮ್ಮ ಮದುವೆಗೆ ನಾಲ್ಕು ದಿನ ಮುಂಚೆ, ಸತ್ಯವತಿ ಬಾಡಿಗೆ ಲೈಬ್ರರಿಯಿಂದ ತಂದ ‘ಮನೆಪಾಠದ ವಿಮಲ’ ಎಂಬ ಕಾದಂಬರಿ ಓದುತ್ತಿದ್ದರಂತೆ. ಕೊನೆಯ ಅಧ್ಯಾಯ ಬಾಕಿಯಿದ್ದಾಗ ಅಣ್ಣ ಅವಧಿ ಮುಗಿಯಿತೆಂದು ಪುಸ್ತಕವನ್ನು ವಾಪಸು ಕೊಟ್ಟುಬಂದರು. ಮದುವೆಯ ಗಲಾಟೆಯಲ್ಲಿ ಕೇಳುವುದಾಗಲಿಲ್ಲ, ಆಮೇಲೆ ಪುಸ್ತಕ ಎಲ್ಲೂ ಸಿಗಲಿಲ್ಲ. ಅರಸೀಕೆರೆಯ ವಕೀಲರೊಬ್ಬರ ಮನೆಯಲ್ಲಿದ್ದುಕೊಂಡು ಅವರ ಮಗಳಿಗೆ ಪಾಠ ಹೇಳುತ್ತಿದ್ದ ವಿಮಲ ಆ ಊರಿನ ಸ್ಟೇಷನ್ನಿನಲ್ಲಿ ಪುಣೆಯ ಟಿಕೆಟ್ ಹಿಡಿದು ಕೂತಿದ್ದಳು. ಹೋದಳೋ, ಆ ಮನೆಗೇ ಮರಳಿದಳೋ? ಯಾರಿಗಾದರೂ ಗೊತ್ತೇ?

ಮೂರು ಜನ ಉತ್ತರ ಬರೆದರು, ಮೂರು ಬೇರೆ ಬೇರೆ ಕೊನೆ ಹೇಳಿದರು. ಒಬ್ಬರ ಪ್ರಕಾರ ವಿಮಲ ಸತ್ತೇಹೋಗಿದ್ದಳು. ಜಗನ್ ಸುಮ್ಮನೆ ಯೂನಿವರ್ಸಿಟಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿದ. ಪುಸ್ತಕ ಇತ್ತು. ನೆಲಮಾಳಿಗೆಯ ಕಪಾಟಿನಿಂದ ಅದನ್ನು ತಂದು, ಮೊದಲ ಬಾರಿಗೆ ಗುಂಪಿಗೆ ಬರೆದ: ‘ಪುಸ್ತಕ ನನ್ನ ಕೈಲಿದೆ. ಕೊನೆಯ ಅಧ್ಯಾಯ ನೂರ ತೊಂಬತ್ತೊಂದನೆಯ ಪುಟದಿಂದ ಶುರು. ದಿನಕ್ಕೆ ಎರಡು ಪುಟ ಟೈಪ್ ಮಾಡಿ ಹಾಕುತ್ತೇನೆ.’

ಆ ಹತ್ತು ದಿನ ಅವನ ಬದುಕಿನಲ್ಲಿ ಹಿಂದೆಂದೂ ಇರದಂಥವು. ಬೆಳಿಗ್ಗೆ ಹತ್ತಕ್ಕೆ ಪುಟ ಬರದಿದ್ದರೆ ಹತ್ತೂಕಾಲಿಗೆ ಯಾರೋ ಕೇಳುತ್ತಿದ್ದರು. ಸ್ಯಾನ್ ಹೋಸೆಯ ಕಂಪನಿಯೊಂದರಲ್ಲಿದ್ದ, ಗುಂಪನ್ನು ನಡೆಸುತ್ತಿದ್ದ ಮಂಡ್ಯದ ನಂಜುಂಡಸ್ವಾಮಿ, ಜಗನ್ ಅವರ ಬೆರಳು ತಣ್ಣಗಿರಲಿ ಎಂದು ಬರೆದರು. ಬಿಂದುಶ್ರೀ ಎಂಬ ಹುಡುಗಿ ಆಫೀಸಿನ ಮೀಟಿಂಗು ಮುಂದಕ್ಕೆ ಹಾಕಿ ಓದುತ್ತಿದ್ದಳಂತೆ. ಸತ್ಯವತಿ ದಿನಾ ಎರಡೇ ಸಾಲು ಬರೆಯುತ್ತಿದ್ದರು: ಓದಿದೆ, ನಾಳೆಗೆ ಕಾಯುತ್ತೇನೆ.

ಹತ್ತನೆಯ ದಿನ ಶುಕ್ರವಾರ. ಇನ್ನೂರ ಹತ್ತನೆಯ ಪುಟ ‘ರೈಲಿನ ಕೂಗು ಕೇಳಿಸಿತು. ವಿಮಲ ಎದ್ದು ನಿಂತು’ ಎಂಬಲ್ಲಿಗೆ ಮುಗಿದಿತ್ತು. ಜಗನ್ ಎದುರಿನ ಪುಟಕ್ಕೆ ಕಣ್ಣು ಹಾಯಿಸಿದ. ಅಲ್ಲಿದ್ದದ್ದು ರಟ್ಟಿಗೆ ಅಂಟಿಸಿದ ಬಿಳಿ ಹಾಳೆ. ಹೊಲಿಗೆಯ ಹತ್ತಿರ ಹರಿದ ಅಂಚಿನ ಗುರುತಿತ್ತು. ಅವನು ಮೊದಲೇ ಕೊನೆಯನ್ನು ನೋಡಿರಲಿಲ್ಲ, ಎಲ್ಲರ ಜೊತೆಯಲ್ಲೇ ಓದೋಣವೆಂದುಕೊಂಡಿದ್ದ. ಇಂಡಿಯಾದ ಯಾವುದೋ ಹಳೆ ಪುಸ್ತಕದಂಗಡಿಯಿಂದ ಬಂದ ಪ್ರತಿಯಿರಬೇಕು, ಬೈಂಡಿಂಗಿಗೆ ಮುಂಚೆಯೇ ಆ ಹಾಳೆ ಹೋಗಿತ್ತು.

ಇಲ್ಲ ಎಂದು ಬರೆಯಲು ಕೂತ. ಆಗಲೇ ಐದು ಜನ ಕೊನೆಯ ಪುಟ ಎಲ್ಲಿ ಎಂದು ಕೇಳಿದ್ದರು. ಸತ್ಯವತಿ ಎರಡು ಸಾಲಿನ ಬದಲು ಒಂದು ಪ್ಯಾರಾ ಬರೆದಿದ್ದರು. ಜಗನ್ ‘ಸೋಮವಾರ’ ಎಂದಷ್ಟೇ ಬರೆದು ಮುಚ್ಚಿದ. ಶನಿವಾರ, ಭಾನುವಾರ ಕೂತು ಕೊನೆಯ ಪುಟವನ್ನು ತಾನೇ ಬರೆದ. ಲೇಖಕಿಯ ವಾಕ್ಯದ ಧಾಟಿ ಇಪ್ಪತ್ತು ಪುಟ ಟೈಪ್ ಮಾಡಿ ಅವನ ಕೈಗೆ ಹತ್ತಿತ್ತು. ವಿಮಲಳನ್ನು ರೈಲು ಹತ್ತಿಸಿದ. ವಕೀಲರ ಮಗಳು ಪ್ಲಾಟ್‌ಫಾರಮ್ಮಿನಲ್ಲಿ ಓಡಿಬಂದು ಸ್ಲೇಟನ್ನು ಕಿಟಕಿಯೊಳಗೆ ಕೊಟ್ಟಳು. ಸೋಮವಾರ ಹತ್ತು ಗಂಟೆಗೆ, ಪುಟ 211 ಎಂದು ಮೇಲೆ ನಮೂದಿಸಿ ಹಾಕಿದ.

ಎಲ್ಲರೂ ಮೆಚ್ಚಿದರು. ಬಿಂದುಶ್ರೀ ಅತ್ತಳಂತೆ. ಸತ್ಯವತಿ ಸಂಜೆ ಬರೆದರು: ‘ಹೋದಳಲ್ಲ, ಸದ್ಯ. ಇಷ್ಟು ವರ್ಷ ಅವಳನ್ನು ಆ ಬೆಂಚಿನ ಮೇಲೇ ಕೂರಿಸಿಬಿಟ್ಟಿದ್ದೆ ಅನ್ನೋ ಸಂಕಟ ಇತ್ತು. ನನಗೆ ಎಂ.ಎ. ಓದಲು ಸೀಟು ಸಿಕ್ಕಿತ್ತು, ಹೋಗಲಿಲ್ಲ. ಅವಳಾದರೂ ಹೋದಳು.’

ಅದನ್ನು ಓದಿದ ಮೇಲೆ ಜಗನ್‌ಗೆ ಆ ಹೊಗಳಿಕೆಗಳು ರುಚಿಸಲಿಲ್ಲ. ಆದರೂ ಸುಮ್ಮನಿದ್ದ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಬೇರೆ ಪುಸ್ತಕಗಳ ಮಾತು ಬಂತು, ಈಗ ಅವನೂ ಅದರಲ್ಲಿ ಸೇರುತ್ತಿದ್ದ. ಮೇ ಕೊನೆಗೆ ಸನಿವೇಲಿನ ಲೋಹಿತ್ ಒಂದು ಸುದ್ದಿ ಹಾಕಿದ. ಹಾಸನದಿಂದ ಅವನ ತಾಯಿ ಮರಿತಾಯಮ್ಮ ಜುಲೈನಲ್ಲಿ ಬರುತ್ತಿದ್ದಾರೆ, ರಿಟೈರಾದ ಮೇಷ್ಟರಮ್ಮ, ಅವರ ಪೆಟ್ಟಿಗೆಯಲ್ಲಿ ‘ಮನೆಪಾಠದ ವಿಮಲ’ದ ಒಂದು ಪ್ರತಿ ಇದೆ, ಚೂರೂ ಹರಿದಿಲ್ಲ. ಲಿವರ್‌ಮೋರ್ ದೇವಸ್ಥಾನದಲ್ಲಿ ಆ ತಿಂಗಳು ಗುಂಪಿನವರೆಲ್ಲ ಮೊದಲ ಸಲ ಸೇರಲಿರುವ ದಿನ ಅಮ್ಮನಿಂದಲೇ ಕೊನೆಯ ಪುಟ ಓದಿಸೋಣ ಎಂದು ಬರೆದಿದ್ದ.

ಜಗನ್ ಎರಡು ದಿನ ಲ್ಯಾಬಿಗೆ ಹೋದ, ಬಂದ. ಮೂರನೆಯ ದಿನ ಶನಿವಾರ ಸತ್ಯವತಿಯವರಿಗೆ ಫೋನು ಮಾಡಿ, ಒಂದು ವಿಷಯ ಹೇಳಬೇಕಿತ್ತು, ಬರಬಹುದೇ ಎಂದು ಕೇಳಿದ. ವಾಲ್ನಟ್ ಕ್ರೀಕ್‌ವರೆಗೆ ಟ್ರೇನು, ಅಲ್ಲಿಂದ ಬಸ್ಸು, ಆಮೇಲೆ ಕಾಲುಹಾದಿಯೇ ಇಲ್ಲದ ರಸ್ತೆಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ಅವರು ಕಾಫಿ ಕೊಟ್ಟು ಎದುರಿಗೆ ಕೂತರು. ಅವನು ಸುತ್ತುಬಳಸದೆ ಹೇಳಿದ.

ಸತ್ಯವತಿ ತಮ್ಮ ಲೋಟವನ್ನು ಕೆಳಗಿಟ್ಟರು.

“ಇಪ್ಪತ್ತೊಂಬತ್ತು ವರ್ಷ ಕಾದಿದ್ದೆ ಜಗನ್. ಪುಟ ಇಲ್ಲ ಅಂದಿದ್ರೆ ಇನ್ನೊಂದಷ್ಟು ದಿನ ಕಾಯ್ತಿದ್ದೆ. ಕಾಯೋದು ನಂಗೆ ಬರುತ್ತೆ.”

“ಎಲ್ರೂ ಕೇಳ್ತಿದ್ರು ಮೇಡಂ. ಇಲ್ಲ ಅನ್ನಕ್ಕೆ ಆಗ್ಲಿಲ್ಲ.”

“ನಾನು ಅವಳ ಬಗ್ಗೆ ಏನು ಬರೆದೆ, ಓದಿದ್ರಲ್ಲ? ಓದಿಯೂ ಸುಮ್ನಿದ್ರಿ.”

ಜಗನ್ ಕಾಫಿ ಪೂರ್ತಿ ಕುಡಿಯದೆ ಎದ್ದ. ಅವರು ಬಾಗಿಲವರೆಗೆ ಬಂದು, ಗುಂಪಿಗೂ ನೀವೇ ಹೇಳಿ, ನಾನು ಹೇಳುವುದಿಲ್ಲ ಎಂದರು. ಬಸ್ ಸ್ಟಾಪಿನವರೆಗೆ ಕಾರಿನಲ್ಲಿ ಬಿಡುತ್ತೇನೆ ಎನ್ನಲಿಲ್ಲ.

ಸೋಮವಾರ ಅವನು ಗುಂಪಿಗೆ ಆರು ಸಾಲು ಬರೆದ. ಹಾಳೆ ಇರಲಿಲ್ಲ, ಆ ಪುಟ ನಾನು ಬರೆದದ್ದು, ತಪ್ಪಾಯಿತು. ಆ ದಿನ ನಲವತ್ತಮೂರು ಕಾಗದ ಬಂದವು. ಇಂಥವರ ಜೊತೆ ಪುಸ್ತಕದ ಮಾತು ಬೇಡವೆಂದು ಹಿರಿಯರೊಬ್ಬರು ಗುಂಪು ಬಿಟ್ಟರು. ಚೆನ್ನಾಗಿತ್ತಲ್ಲ, ಹೋಗಲಿ ಬಿಡಿ ಎಂದವರೂ ಇದ್ದರು, ಅವರ ಮೇಲೆ ಬೇರೆಯವರು ರೇಗಿದರು. ಬಿಂದುಶ್ರೀ ಒಂದೇ ಸಾಲು ಬರೆದಳು: ‘ನಾನು ಅತ್ತಿದ್ದನ್ನ ಈಗ ಯಾರಿಂದ ವಾಪಸು ತಗೊಳ್ಳಲಿ?’ ಜಗನ್‌ಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅದು.

ಸಂಜೆ ನಂಜುಂಡಸ್ವಾಮಿ ಫೋನು ಮಾಡಿದರು. ಅವರು ಆವರೆಗೆ ಅವನ ಜೊತೆ ಮಾತಾಡಿದ್ದೇ ಇಲ್ಲ.

“ಬರ್ದಿದ್ದು ತಪ್ಪಲ್ಲ ಕಣ್ರೀ. ಆ ಪುಸ್ತಕ ಬರ್ದ ಯಮ್ಮನ ಹೆಸರಲ್ಲಿ ನೀವು ಬರ್ದ್ರಲ್ಲ, ಅದು ತಪ್ಪು” ಎಂದರು. ಆಮೇಲೆ ಲಿವರ್‌ಮೋರಿಗೆ ಹೇಗೆ ಬರುತ್ತೀರಿ ಎಂದು ಕೇಳಿದರು. ಜಗನ್ ಬರುವುದಿಲ್ಲ ಎಂದ.

“ಅಲ್ಲಿಗೆ ಬರದೇ ಇದ್ರೆ ಆ ಪುಟದಲ್ಲಿ ಏನಿತ್ತು ಅಂತ ನಿಮಗೇ ಗೊತ್ತಾಗಲ್ಲ. ಆವತ್ತು ಲಿವರ್‌ಮೋರ್ ಪಕ್ಕದ ಡಬ್ಲಿನ್ ಸ್ಟೇಷನ್ ಹತ್ರ ಹತ್ತೂವರೆಗೆ ನಿಂತ್ಕೊಂಡಿರಿ, ಕರ್ಕೊಂಡು ಹೋಗ್ತೀನಿ.”

ಜುಲೈ ಎರಡನೆಯ ಶನಿವಾರ ಲಿವರ್‌ಮೋರಿನ ಗುಡ್ಡಗಳೆಲ್ಲ ಒಣಗಿ ಕಂದಾಗಿದ್ದವು. ದೇವಸ್ಥಾನದ ಊಟ ಮುಗಿಸಿಕೊಂಡು ಮೂವತ್ತು ಜನ ನೆರಳಿನಲ್ಲಿ ಜಮಖಾನ ಹಾಸಿ ಕೂತರು. ಹೆಸರುಗಳಷ್ಟೇ ಗೊತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಗನ್‌ನನ್ನು ಕೆಲವರು ಮಾತಾಡಿಸಿದರು, ಕೆಲವರು ಇಲ್ಲ. ಅವನು ಹಿಂದೆ ಕೂತ.

ಮರಿತಾಯಮ್ಮ ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಓದುವವರಂತೆ ನಿಧಾನವಾಗಿ, ಗಟ್ಟಿಯಾಗಿ ಓದಿದರು. ರೈಲಿನ ಕೂಗು ಕೇಳಿಸಿ ಎದ್ದ ವಿಮಲ ಟಿಕೆಟ್ ಕಿಟಕಿಗೆ ಹೋದಳು. ಟಿಕೆಟ್ ವಾಪಸು ಕೊಟ್ಟಳು. ವಕೀಲರ ಮನೆಯ ದಾರಿ ಹಿಡಿಯದೆ ಸ್ಟೇಷನ್ನಿನ ಹಿಂದಿನ ಬೀದಿಗೆ ನಡೆದು, ಬಾಡಿಗೆಗೆ ಇದೆ ಎಂಬ ಬೋರ್ಡು ನೋಡಿ ಒಂದು ಬಾಗಿಲು ತಟ್ಟಿದಳು. ತೆಗೆದ ಹೆಂಗಸು, ಎಷ್ಟು ಜನ ಇರುತ್ತೀರಿ ಎಂದು ಕೇಳಿದಳು. ಒಬ್ಬಳೇ ಎಂದಳು ವಿಮಲ. ಅಷ್ಟೇ. ಅರ್ಧ ಪುಟವೂ ಇರಲಿಲ್ಲ.

ಲೋಹಿತ್ ಮೆಲ್ಲಗೆ, ಜಗನ್ ಬರೆದಿದ್ದೇ ಇದಕ್ಕಿಂತ ಚೆನ್ನಾಗಿತ್ತೇನೋ ಎಂದ.

“ಇಲ್ಲ” ಎಂದರು ಸತ್ಯವತಿ. “ಹೋಗೋದು, ಇಲ್ಲ ಆ ಮನೆಗೇ ವಾಪಸ್ ಬರೋದು. ಇಷ್ಟು ವರ್ಷ ನಂಗೆ ಇವೆರಡೇ ತೋಚಿದ್ದು. ಅದೇ ಊರಲ್ಲಿ ಒಂದು ರೂಮ್ ಮಾಡ್ಕೊಂಡು ಇರಬಹುದು ಅಂತ ಹೊಳೀಲೇ ಇಲ್ಲ ನೋಡಿ.”

ಅವರು ಪುಸ್ತಕ ಈಸಿಕೊಂಡು ಆ ಪುಟವನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಎದ್ದು ಹಿಂದಕ್ಕೆ ಬಂದು ಜಗನ್‌ನ ಕೈಗೆ ಕೊಟ್ಟರು.

“ಇದನ್ನೂ ನೀವೇ ಟೈಪ್ ಮಾಡಿ ಹಾಕಿ. ಇಲ್ಲಿಗೆ ಬರದೇ ಇರೋರು ಕಾಯ್ತಿರ್ತಾರೆ. ಒಂದಕ್ಷರ ಆಚೀಚೆ ಆಗಬಾರದು.”

ಅವನು ಸೋಮವಾರ ಹತ್ತಕ್ಕೆ ಹಾಕಿದ, ಮೂರು ಸಲ ತಾಳೆ ನೋಡಿ. ಗುಂಪು ಬಿಟ್ಟ ಹಿರಿಯರು ಮರಳಿ ಬರಲಿಲ್ಲ. ಸತ್ಯವತಿಯವರೂ ಅವನಿಗೆ ಬಹಳ ದಿನ ನೇರವಾಗಿ ಏನೂ ಬರೆಯಲಿಲ್ಲ. ಆಗಸ್ಟಿನಲ್ಲಿ ಬಿಂದುಶ್ರೀ ಇನ್ನೊಂದು ಹಳೆಯ ಕಾದಂಬರಿ ಬರ್ಕ್ಲಿಯಲ್ಲಿ ಇದೆಯೇ ಎಂದು ಕೇಳಿದಳು. ಜಗನ್ ಹುಡುಕಿದ, ಇತ್ತು. ಮೊದಲ ಎರಡು ಪುಟ ಹಾಕಿದ ದಿನ ಸತ್ಯವತಿಯವರಿಂದ ಉತ್ತರ ಬಂತು: ನಾಲ್ಕನೆಯ ಸಾಲಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೀರಿ, ಉಳಿದದ್ದು ಸರಿಯಿದೆ, ಮುಂದುವರಿಸಿ.