ಮೊಮ್ಮಗನ ನೆತ್ತಿಯ ಏಣು

ಟ್ಯುನೀಷಿಯಾದ ತೋಝರ್‌ನಲ್ಲಿ ಖರ್ಜೂರದ ಕೊಯ್ಲು ನಡೆದಿತ್ತು. ಲಜ್ಹರ್ ತಾತ ಅಂಗಳದಲ್ಲಿ ಕೂತು ಒಂದೊಂದನ್ನೇ ಬೆರಳಲ್ಲಿ ಒತ್ತಿ, ಹಣ್ಣನ್ನೂ ಕಾಯನ್ನೂ ಬೇರೆ ಮಾಡುತ್ತಿದ್ದ. ಚಿಕ್ಕಂದಿನಲ್ಲೇ ಅವನ ಕಣ್ಣು ಹೋಗಿತ್ತು. ಬೆರಳು ಮಾತ್ರ ಎಂದೂ ತಪ್ಪಿದ್ದಿಲ್ಲ.

ಪಕ್ಕದಲ್ಲೇ ಅವನ ಹೆಂಡತಿ ಮಬ್ರೂಕಾ ಸೊಸೆಯ ಮೇಲೆ ಹರಿಹಾಯುತ್ತಿದ್ದಳು.

"ಮಗೂ ತಲೆಗೆ ಪಟ್ಟಿ ಬಿಗಿಯಾಗಿ ಕಟ್ಟೇ ಅಂದೆ. ಸಡಿಲ ಕಟ್ದೆ. ನೋಡೀಗ, ತಲೆ ಗೋಪುರದ ಹಂಗೆ ಎದ್ದಿದೆ!"

"ಬಿಗಿಯಾಗೇ ಕಟ್ಟಿದ್ದೆ ಅತ್ತೆ," ಎಂದಳು ಶಾಫಿಯಾ, ಅಳು ನುಂಗಿಕೊಂಡು.

ಚುಚ್ಚುಮದ್ದು ಹಾಕಲು ಬಂದಿದ್ದ ನರ್ಸ್ ದಲೆಂದಾ ಪಟ್ಟಿ ಬಿಚ್ಚಿ ಮಗುವಿನ ನೆತ್ತಿ ಸವರಿದಳು.

"ಇನ್ಮೇಲೆ ಪಟ್ಟಿ ಬೇಡ. ಆದ್ರೆ ಇದು ಪಟ್ಟಿಯಿಂದ ಆದದ್ದಲ್ಲ, ತಾಯಿ ತಪ್ಪೂ ಅಲ್ಲ. ಮೂರು ತಿಂಗಳ ಮಗೂಗೆ ನೆತ್ತಿ ಮೆತ್ತಗಿರ್ಬೇಕು. ಇಲ್ಲಿ ಮೂಳೆ ಆಗ್ಲೇ ಬೆಸೆದ ಹಂಗಿದೆ. ಮೆದುಳು ಬೆಳೆಯೋಕೆ ಜಾಗ ಸಾಲಲ್ಲ. ಬೇಗ ದೊಡ್ಡಾಸ್ಪತ್ರೆಗೆ ಹೋಗಿ."

"ನೆತ್ತಿ ಬೇಗ ಕೂಡಿದ್ರೆ ಮಗು ಗಟ್ಟಿ ಅಂತ!" ಎಂದಳು ಮಬ್ರೂಕಾ. "ಇದು ನಮ್ಮನೆ ತಲೆ. ನಮ್ಮ ಯಜಮಾನ್ರದ್ದೂ ಹಿಂಗೇ ಇಲ್ವಾ?"

"ಈಗ ತಾನೆ ಸೊಸೆ ಕೆಡಿಸಿದ್ಲು ಅಂದ್ರಿ ಅಜ್ಜಿ!"

ದಲೆಂದಾ ತಾತನ ಎತ್ತರದ ತಲೆಯನ್ನೂ ಮುಂದೆ ಉಬ್ಬಿದ ಕಣ್ಣುಗಳನ್ನೂ ನೋಡಿದಳು.

"ತಾತ, ಕಣ್ಣು ಹೋಗೋ ಮೊದ್ಲು ತಲೆ ನೋಯ್ತಿತ್ತಾ?"

ತಾತನ ಬೆರಳು ನಿಂತವು.

"ಬೆಳಿಗ್ಗೆ ಎದ್ದ ಕೂಡ್ಲೆ. ವಾಂತಿನೂ ಆಗೋದು. ಬಿಸಿಲು ತಾಗಿದೆ ಅಂತ ಅಮ್ಮ ಕತ್ತಲೆ ಕೋಣೇಲಿ ಮಲಗಿಸೋಳು. ಒಂದಿನ ಬಾಗಿಲು ತೆಗೆದ್ರೂ ಕತ್ತಲೇನೇ ಇತ್ತು."

"ಮೂಳೆ ಬೇಗ ಬೆಸೆದಿದ್ದಕ್ಕೇ ಕಣ್ಣು ಹೋಯ್ತು ಅಂತ ನಾನು ಹೇಳಲಾರೆ, ಡಾಕ್ಟರ್ ನೋಡ್ಬೇಕು. ಆದ್ರೆ ಈ ತೊಂದರೆ ವಂಶದಲ್ಲಿ ಬರಬಹುದು. ತಲೆಯೊಳಗೆ ಒತ್ತಡ ಹೆಚ್ಚಿದ್ರೆ ಕಣ್ಣಿನ ನರಕ್ಕೇ ಪೆಟ್ಟು. ಎಳೆಯದ್ರಲ್ಲೇ ಗೊತ್ತಾದ್ರೆ, ಶಸ್ತ್ರಚಿಕಿತ್ಸೆ ಮಾಡಿ ಮೆದುಳಿಗೆ ಜಾಗ ಮಾಡ್ಕೊಡ್ತಾರೆ."

"ತಲೆ ಕುಯ್ಸೋದಾ? ನಾನು ಬಿಡಲ್ಲ!" ಎಂದಳು ಮಬ್ರೂಕಾ.

ತಾತ ಕೈ ತೊಳೆದು ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡ. ನೆತ್ತಿಯುದ್ದಕ್ಕೂ ಗಟ್ಟಿ ಏಣು ಬೆರಳಿಗೆ ಸಿಕ್ಕಿತು. ರುಮಾಲು ತೆಗೆದು ತನ್ನ ನೆತ್ತಿ ಮುಟ್ಟಿಕೊಂಡ. ಅಲ್ಲೂ ಅದೇ ಏಣು.

"ಈ ತಲೆ ನಮ್ಮ ಮನೆತನದ ಗುರುತು ಅಂತ ನಾನೂ ಮೀಸೆ ತಿರುವಿದ್ದೆ," ಎಂದ. "ಶಾಫಿಯಾ, ಮಗು ನೋಡ್ತಾನಾ?"

"ನೋಡ್ತಾನೆ ಮಾವ. ನಿಮ್ಮ ಮುಖಾನೇ ನೋಡ್ತಿದಾನೆ."

"ಹಂಗಾದ್ರೆ ನೋಡ್ತಾನೇ ಇರ್ಲಿ. ನಾಳೆ ಮೊದಲ ಬಸ್ಸಿಗೆ ಹೊರಡೋದೇ. ನಾನೂ ಬರ್ತೀನಿ. ಡಾಕ್ಟರ್ ಎರಡು ತಲೇನೂ ನೋಡ್ಲಿ."

"ಕೊಯ್ಲು?" ಎಂದಳು ಮಬ್ರೂಕಾ.

"ಕಾಯುತ್ತೆ. ಮೂಳೆ ಕಾಯಲ್ಲ ಕಣೇ."

ಮಬ್ರೂಕಾ ಗೊಣಗುತ್ತಲೇ ದಾರಿಗೆ ರೊಟ್ಟಿ ಕಟ್ಟಲು ಎದ್ದಳು. "ಮಗೂನ ನಾನೇ ಎತ್ಕೋತೀನಿ. ಇವ್ರಿಗೆ ಬಸ್ಸಿನ ಮೆಟ್ಟಿಲೂ ಕಾಣಲ್ಲ."

ತಾಯಂದಿರೇ, ಅಜ್ಜಿಯರೇ, ಎಣ್ಣೆ ಹಚ್ಚುವಾಗ ಮಗುವಿನ ತಲೆಯನ್ನು ಗಮನಿಸಿ. ನೆತ್ತಿ ಬಹಳ ಬೇಗ ಗಟ್ಟಿಯಾಯಿತೇ? ಏಣು ಸಿಗುತ್ತದೆಯೇ? ತಲೆಯ ಆಕಾರ ದಿನೇ ದಿನೇ ಬದಲಾಗುತ್ತಿದೆಯೇ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ? ಎಲ್ಲ ಸೊಟ್ಟ ತಲೆಯೂ ಕಾಯಿಲೆಯಲ್ಲ, ನಿಜ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ತಾಯಿಯನ್ನು ದೂರಬೇಡಿ, ಪಟ್ಟಿ ಬಿಗಿಯಬೇಡಿ. ನಿಮ್ಮ ಅನುಮಾನ ಸುಳ್ಳಾದರೆ ಒಂದು ದಿನದ ಕೆಲಸ ಹೋಗುತ್ತದೆ, ಅಷ್ಟೇ. ಮಗುವನ್ನು ಎತ್ತಿಕೊಂಡು ಹೊರಡಿ.