ಆಮೆ ಹಬ್ಬದ ರಾತ್ರಿಯ ಎರಡನೇ ಸಹಿ

ಬಾಗಿಲು ಬಡಿದ ಸದ್ದಾಯಿತು. ಗಾಳಿಯಿರಬೇಕೆಂದು ಮೇಯುನ್ ಮಗ್ಗುಲು ಬದಲಿಸಿದಳು. ಈಶಾನ್ಯದ ಗಾಳಿ ಎದ್ದ ಮೇಲೆ ಪೆಂಗ್‌ಹು ದ್ವೀಪದಲ್ಲಿ ಬಡಿದುಕೊಳ್ಳದ ಬಾಗಿಲು ಯಾವುದು? ಆದರೆ ಗಾಳಿಗೆ ಬೆರಳಿನ ಗೆಣ್ಣುಗಳಿರುವುದಿಲ್ಲ. ಸದ್ದು ಮತ್ತೆ ಕೇಳಿಸಿತು. ಅವಸರದ್ದು, ಆದರೂ ಅಂಜುತ್ತ ಅಂಜುತ್ತ ತಟ್ಟಿದ್ದು.

ದೀಪ ಹಾಕಿ ಚಿಲಕ ತೆಗೆದರೆ ಹೊಸಿಲಾಚೆ ನಿಂತಿದ್ದವಳು ಆಕ್ವೆಯ್. ತಲೆಗೆ ಸುತ್ತಿದ್ದ ಬಟ್ಟೆ ಜಾರಿತ್ತು. ಕಡಲ ಉಪ್ಪು ಕೂದಲಿಗೆಲ್ಲ ಅಂಟಿತ್ತು.

“ಮೇಯುನ್, ನಿಮ್ಮನೇಲಿ ಬೆಳ್ಳಿ ಬಣ್ಣದ ಸೂಟ್‌ಕೇಸ್ ಇದ್ಯಾ? ಹೊಸದು, ನಾಲ್ಕು ಚಕ್ರದ್ದು?”

“ಇದೆ. ಯಾಕಕ್ಕಾ, ಇಷ್ಟೊತ್ತಲ್ಲಿ?”

“ತೋರ್ಸು.”

ಹಜಾರದ ಮೂಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಮಲಗಿತ್ತು. ಒಳಗೆ ಎಳ್ಳೆಣ್ಣೆಯ ಡಬ್ಬಿಗಳು, ಒಣಶುಂಠಿ, ಬಾಣಂತಿ ಮದ್ದಿನ ಬೇರುಗಳ ಪೊಟ್ಟಣ, ಕೆಂಪು ನೂಲಿನಲ್ಲಿ ಹೆಣೆದ ಒಂದು ಪುಟ್ಟ ಟೊಪ್ಪಿಗೆ. ಆಕ್ವೆಯ್ ಬಗ್ಗಿ ಅದರ ಅಂಚನ್ನು ಮುಟ್ಟಿದಳು. ಕಾದ ಬಾಣಲೆ ಮುಟ್ಟಿದವಳಂತೆ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಇಲ್ಲೂ ಇದೆ,” ಎಂದಳು. ಗಾಳಿಯೊಳಗೆ ಹೊರಟೇಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಬಾಗಿಲು ಬಡಿದ ಸದ್ದು ಕೇಳಿಸಿತು.

“ಯಾರೇ ಅದು?” ಒಳಗಿನಿಂದ ಗಂಡ ಚೆಂಗ್‌ಫಾ ಕೂಗಿದ.

“ಆಕ್ವೆಯ್ ಅಕ್ಕ. ಸೂಟ್‌ಕೇಸ್ ನೋಡೋಕೆ ಬಂದಿದ್ಲು.”

“ವಿಮಾನ ಹತ್ತೋಳು ನೀನು, ತಲೆ ತಿರುಗ್ತಿರೋದು ಅವಳಿಗಾ? ದೀಪ ಆರ್ಸು, ಮುದುಕಿ.”

ದೀಪ ಆರಿತು. ಮೇಯುನಳಿಗೆ ನಿದ್ದೆ ಮಾತ್ರ ಹತ್ತಲಿಲ್ಲ.

ಆ ಸೂಟ್‌ಕೇಸು ವ್ಯಾಂಕೂವರಿಗೆ ಹೋಗಬೇಕಾದದ್ದು. ಅಲ್ಲಿ ಅವಳ ಮಗಳು ಪೇಶಾನ್ ಇದ್ದಾಳೆ. ಮಗಳ ಮೊದಲನೆಯ ಕೂಸು ಉಳಿಯಲಿಲ್ಲ. ಆಗ ಟಿಕೆಟ್ಟಿಗೆ ಗತಿಯಿಲ್ಲದೆ ತಾಯಿ ಇಲ್ಲಿಯೇ ಉಳಿದಳು. ಎಳ್ಳೆಣ್ಣೆಯ ಕೋಳಿಸಾರು ಮಾಡಿಕೊಡುವ ಒಂದು ಕೈಯೂ ಇಲ್ಲದೆ, ಬರಿದಾದ ಮಡಿಲು ಹೊತ್ತು, ಮಳೆ ಹಿಡಿದ ಪರದೇಶದಲ್ಲಿ ಮಗಳು ತಿಂಗಳು ಕಳೆದಳು. ಈಗ ಅವಳು ಮತ್ತೆ ತುಂಬು ಬಸುರಿ. ಹೆರಿಗೆಗೆ ಇನ್ನೊಂದೇ ತಿಂಗಳು. “ಈ ಸಲ ಬಾಣಂತನಕ್ಕೆ ಬಂದೇ ಬರ್ತೀನಿ,” ಎಂದು ಮೇಯುನ್ ಮಾತು ಕೊಟ್ಟಿದ್ದಳು.

ಆ ಮಾತು ಉಳಿಸಿಕೊಳ್ಳುವ ದಾರಿ ತೋರಿಸಿದವಳೂ ಆಕ್ವೆಯ್‌ಯೇ. ಬಂದರಿನಲ್ಲಿ ಪ್ರವಾಸಿ ದೋಣಿಗಳ ಟಿಕೆಟ್ಟು ಮಾರುವ ಅವಳು ಊರ ಹೆಂಗಸರ ಬೆಳಗಿನ ಕುಣಿತದ ತಂಡಕ್ಕೆ ಮುಂದಾಳು. ಯಾವ ಕಾರ್ಡಿಗೆ ಯಾವ ವಿಮಾನ ಎಂಬುದು ಅವಳ ನಾಲಗೆಯ ತುದಿಯಲ್ಲಿತ್ತು. ಬೇಸಿಗೆಯ ಒಂದು ಸಂಜೆ ಮೇಯುನಳ ಕೇಕಿನ ಅಂಗಡಿಯಲ್ಲಿ ಕುಳಿತು, ಕಡಲೆಕಾಯಿ ಸುಲಿಯುತ್ತ ಅವಳು ಲೆಕ್ಕ ಬಿಡಿಸಿದ್ದಳು.

“ನೋಡು, ಒಂದು ಕೆಂಪು ಬ್ಯಾಂಕಿನ ಕ್ರೆಡಿಟ್ ಕಾರ್ಡು, ಇನ್ನೊಂದು ನೀಲಿ ಬ್ಯಾಂಕಿಂದು. ಖರ್ಚು ಮಾಡಿದಷ್ಟೂ ಎರಡೂ ವಿಮಾನದ ಮೈಲು ಅಂತ ಅಂಕ ಕೊಡ್ತವೆ. ಮೈಲು ಕೂಡಿದ್ರೆ ಟಿಕೆಟ್ಟು. ಹೊಸದಾಗಿ ಸೇರಿದೋರಿಗೆ ಕೆಂಪಿನೋರು ಕೊಡೋ ಬೋನಸ್ಸಲ್ಲಿ ಮಗಳ ಹತ್ರ ಹೋಗಿ, ವಾಪಸ್ಸೂ ಬರಬಹುದು. ನೀಲಿಯೋರದು ಅದರ ಅರ್ಧ. ಹೋಗೋಕಷ್ಟೇ ಸಾಕು.”

“ಹೋಗೋಕಷ್ಟೇ ಆದ್ರೆ ನನಗೇನೂ ನಷ್ಟ ಇಲ್ಲ,” ಎಂದ ಚೆಂಗ್‌ಫಾ, ಬಲೆ ಹೆಣೆಯುವುದನ್ನು ನಿಲ್ಲಿಸದೆ. “ಅಲ್ಲ ಆಕ್ವೆಯ್, ಆಮೆ ಹಬ್ಬದಲ್ಲಿ ದೇವರ ಹತ್ರ ಬೇಡಿ ತಂದ ಅಕ್ಕಿ ಆಮೇನೇ ಮುಂದಿನ ವರ್ಷ ಇನ್ನೂ ದೊಡ್ಡದು ಮಾಡಿ ವಾಪಸ್ ಕೊಡ್ಬೇಕು. ದೇವರೇ ಬಿಟ್ಟಿ ಕೊಡಲ್ಲ, ಬ್ಯಾಂಕಿನೋನು ಕೊಡ್ತಾನಾ?”

“ಬಿಟ್ಟಿ ಅಂತ ಯಾರಂದ್ರು? ಮೂರು ತಿಂಗಳಲ್ಲಿ ಇಷ್ಟು ಅಂತ ಖರ್ಚಾಗ್ಬೇಕು. ಕೆಂಪಿಗೆ ವರ್ಷದ ಶುಲ್ಕಾನೂ ಜಾಸ್ತಿ. ಆ ಬೋನಸ್ಸಿನ ಮುಂದೆ ಅದೇನು ಮಹಾ!”

“ದೊಡ್ಡ ಮೀನು ಕಂಡಾಗ ಮೊದಲು ದಾರ ಗಟ್ಟಿ ಇದ್ಯಾ ನೋಡ್ಕೋಬೇಕು,” ಎಂದು ಅವನು ಗೊಣಗಿದ. ಹೆಂಗಸರಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಂಪು ಕಾರ್ಡು ಬಂತು. ಹಿಟ್ಟು, ಕಪ್ಪುಬೆಲ್ಲ, ದೋಣಿಯ ಡೀಸೆಲ್ಲು, ಎಲ್ಲವೂ ಅದರಲ್ಲೇ. ಗಡುವು ಹತ್ತಿರ ಬಂದಾಗ ಇನ್ನೂ ಸ್ವಲ್ಪ ಕಡಿಮೆ ಬಿದ್ದದ್ದರಿಂದ, ಬೇಡದಿದ್ದರೂ ಒಂದು ದೊಡ್ಡ ಫ್ರಿಜ್ಜನ್ನು ಕೊಂಡದ್ದಾಯಿತು. ಅದರ ಬಿಲ್ಲು ಒಂದೇ ಸಲಕ್ಕೆ ತೀರದೆ ಬಡ್ಡಿ ಹತ್ತಿತು. “ಬಿಟ್ಟಿ ಟಿಕೆಟ್ಟು ಆಗಲೇ ತಣ್ಣಗಾಗ್ತಿದೆ,” ಎಂದು ಚೆಂಗ್‌ಫಾ ಫ್ರಿಜ್ಜಿನ ಬಾಗಿಲು ತಟ್ಟಿ ಹಂಗಿಸುತ್ತಿದ್ದ. ಮೈಲುಗಳು ಬರಬೇಕಾದ ತಿಂಗಳು ಬಂತು, ಹೋಯಿತು. ಮೈಲುಗಳು ಬರಲಿಲ್ಲ. ಅದನ್ನು ಮೇಯುನ್ ಆಕ್ವೆಯ್‌ಗೆ ಹೇಳಿದ್ದು ನಿನ್ನೆ ಮಧ್ಯಾಹ್ನ. ಕೇಳುತ್ತ ಕೇಳುತ್ತ ಆಕ್ವೆಯ್‌ಯ ಮುಖವೇಕೋ ಬಿಳಿಚಿಕೊಂಡಿತ್ತು.

ಬೆಳಕು ಹರಿದು ಬ್ಯಾಂಕು ತೆರೆದ ಕೂಡಲೇ ಮೇಯುನ್ ಫೋನು ಮಾಡಿದಳು. ಆ ತುದಿಯ ಹುಡುಗಿಯ ದನಿ ಬೆಣ್ಣೆಯಂತಿತ್ತು; ಮಾತು ಮಾತ್ರ ಬೆಣ್ಣೆಯಲ್ಲಿ ಸಿಕ್ಕ ಕೂದಲಿನಂತೆ ಗಂಟಲಿಗೆ ಸಿಕ್ಕಿಕೊಂಡಿತು.

“ಅಮ್ಮಾ, ಆ ಬೋನಸ್ಸು ಹೊಸ ಗ್ರಾಹಕರಿಗೆ ಮಾತ್ರ. ಹಿಂದಿನ ಒಂದು ವರ್ಷದಲ್ಲಿ ನಮ್ಮ ಬ್ಯಾಂಕಿನ ಯಾವ ಕಾರ್ಡೂ ಅವರ ಹೆಸರಲ್ಲಿ ಇರಬಾರದು. ನಿಮ್ಮ ಹೆಸರಿಗೆ ವಸಂತದಲ್ಲೇ ಇನ್ನೊಂದು ಕಾರ್ಡು ಮಂಜೂರಾಗಿದೆಯಲ್ಲಾ.”

“ನನಗಾ? ನಾನು ಅರ್ಜಿನೇ ಹಾಕಿಲ್ಲ ಕಣಮ್ಮಾ!”

“ಸಹಿ ನಿಮ್ಮದೇ ಇದೆ. ಸೇರಿದ್ದಕ್ಕೆ ಕೊಡೋ ಉಡುಗೊರೆ ಕೂಡ ನಿಮ್ಮ ಮನೆಗೇ ತಲುಪಿದೆ. ಬೆಳ್ಳಿ ಬಣ್ಣದ ಸೂಟ್‌ಕೇಸು.”

ಮೇಯುನ್ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಪ್ರಯಾಣಕ್ಕೆ ಅಡ್ಡ ಮಲಗಿದ್ದ ವಸ್ತುವಿನೊಳಗೇ ಅವಳು ಪ್ರಯಾಣದ ಗಂಟು ಕಟ್ಟುತ್ತಿದ್ದಳು!

“ಏ ಮುದಿ ಕೋತಿ! ಇದನ್ನ ಮನೆಗೆ ತಂದೋನು ನೀನು. ಹಬ್ಬದ ಲಾಟರೀಲಿ ಬಂತು ಅಂದಿದ್ದೆ!”

“ಕೊರಿಯರ್ ಹುಡುಗ ನಿನ್ನ ಹೆಸರು ಹೇಳಿ, ಉಡುಗೊರೆ ಅಂತ ಕೊಟ್ಟ. ನಿನಗೆ ಉಡುಗೊರೆ ಕೊಡೋಕೆ ನಾನಂತೂ ಅಲ್ಲ, ಇನ್ಯಾರು? ಲಾಟರಿನೇ ಇರ್ಬೇಕು ಅಂದ್ಕೊಂಡೆ,” ಎಂದ ಚೆಂಗ್‌ಫಾ. ಹೆಂಡತಿಯ ಮುಖ ಕಂಡು ಅವನ ನಗು ಅರ್ಧಕ್ಕೇ ನಿಂತಿತು.

ಬ್ಯಾಂಕಿನಿಂದ ಬಂದ ಲಕೋಟೆಗಳನ್ನು ಒಡೆಯದೆ ಬಿಸ್ಕತ್ತಿನ ಡಬ್ಬಿಗೆ ತುರುಕುವುದು ಆ ಮನೆಯ ರೂಢಿ. ಡಬ್ಬಿಯನ್ನು ಕವುಚಿದಾಗ ಆ ಕಾರ್ಡೂ ಹೊರಬಿತ್ತು, ಒಮ್ಮೆಯೂ ಬಳಸದ್ದು. ಆಗ ಮೇಯುನಳಿಗೆ ಆಮೆ ಹಬ್ಬದ ರಾತ್ರಿ ನೆನಪಾಯಿತು. ಗುಡಿಯೊಳಗೆ ಅಕ್ಕಿಮೂಟೆಗಳಿಂದ ಕಟ್ಟಿದ ಬೆಟ್ಟದಂಥ ಆಮೆ. ಪಟಾಕಿಯ ಹೊಗೆ, ಲಾಂದ್ರಗಳ ತೂಗಾಟ, ಚಳಿಗೆ ಮರಗಟ್ಟಿದ ಬೆರಳುಗಳು. ಬರುವ ವರ್ಷ ಇದಕ್ಕಿಂತ ದೊಡ್ಡ ಆಮೆ ಒಪ್ಪಿಸುತ್ತೇನೆಂದು ದೇವರ ಹಾಳೆಗೆ ಸಹಿ ಹಾಕಿದ ಮರುಕ್ಷಣವೇ ನೂಕುನುಗ್ಗಲಿನಲ್ಲಿ ಯಾರೋ ಇನ್ನೊಂದು ಹಾಳೆ ಮುಂದೊಡ್ಡಿದ್ದರು. “ಇಲ್ಲೊಂದು ಹಾಕು.” ಹಾಕಿದ್ದಳು. ವಾರದ ಮೇಲೆ ಯಾರೋ ಫೋನಿನಲ್ಲಿ ಹೆಸರು, ಹುಟ್ಟಿದ ದಿನ ಕೇಳಿ “ಅರ್ಜಿ ನಿಮ್ಮದೇ ತಾನೆ?” ಎಂದಾಗ, ಗುಡಿಯವರೆಂದುಕೊಂಡು “ಹೌದು ಹೌದು” ಎಂದಿದ್ದಳು.

ಹಾಳೆ ಹಿಡಿದ ಕೈ ಯಾರದು? ಹೊಗೆಯಲ್ಲಿ ಮುಖವೇ ಕಂಡಿರಲಿಲ್ಲ.

ಮಗಳಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಫೋನಿನ ಪುಟ್ಟ ಪರದೆಯಲ್ಲಿ ಪೇಶಾನ್ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, “ಹೋಗ್ಲಿ ಬಿಡಮ್ಮ. ಸಾರು ಹೇಗೆ ಮಾಡೋದು ಅಂತ ಇವರಿಗೆ ಹೇಳ್ಕೊಡು, ಇವರೇ ಮಾಡ್ತಾರೆ. ನೀನು ಅಲ್ಲಿಂದ ನೋಡ್ತಾ ಇರು,” ಎಂದು ನಗಲು ಯತ್ನಿಸಿದಳು. “ಶುಂಠಿ ಮಾತ್ರ ಜಾಸ್ತಿ ಹಾಕಿಸ್ಬೇಡ. ಹೋದ ಸಲ ನಾನೇ ಮಾಡ್ಕೊಂಡಾಗ ತುಂಬಾ ಖಾರ ಆಗಿತ್ತು.”

ಆ ಒಂದು ಮಾತಿಗೆ ಮೇಯುನಳ ಕೈಯಿಂದ ಫೋನು ಜಾರಿತು. ಹೋದ ಸಲ ಮಗಳು ತನ್ನ ಬಾಣಂತನದ ಸಾರನ್ನು ತಾನೇ ಕುದಿಸಿಕೊಂಡದ್ದು ಅವಳಿಗೆ ಇದುವರೆಗೂ ತಿಳಿದಿರಲಿಲ್ಲ.

ಮಧ್ಯಾಹ್ನ ಗಂಡಹೆಂಡಿರಿಬ್ಬರೂ ಊರಿನ ಮುಖ್ಯಸ್ಥ ಲೂ ಅವರ ಕಚೇರಿಗೆ ಹೋದರು. ಪಿಂಚಣಿಯಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ ಊರಿನ ದೂರೆಲ್ಲ ಕೇಳಿ ಹಣ್ಣಾದ ಮನುಷ್ಯ. ಎರಡೂ ಕಾರ್ಡುಗಳನ್ನು ಮುಂದಿಟ್ಟುಕೊಂಡು ತಲೆಯಾಡಿಸಿದರು.

“ಎಷ್ಟು ಕೊಡ್ತಾರೆ ಅಂತ ನೋಡಿದ್ರಿ. ಯಾರಿಗೆ ಕೊಡ್ತಾರೆ ಅಂತ ನೋಡ್ಲಿಲ್ಲ. ಮೊದಲನೇ ಪ್ರಶ್ನೆನೇ ಅದು ಕಣಮ್ಮ. ಈ ವರ್ಷ ಊರಲ್ಲಿ ಹೀಗೆ ಬಂದೋಳು ನೀನೊಬ್ಬಳೇ ಅಲ್ಲ.”

“ಬಳಸದೇ ಇದ್ರೂ ಲೆಕ್ಕಕ್ಕೆ ಬರುತ್ತಾ?” ಮೇಯುನ್ ಕೇಳಿದಳು.

“ಬ್ಯಾಂಕಿನ ಕಣ್ಣಲ್ಲಿ ಕಾರ್ಡು ಅಂದ್ರೆ ಕಾರ್ಡೇ. ಇನ್ನು ಆ ಫ್ರಿಜ್ಜು. ಮನೆ ಖರ್ಚು ತಾನಾಗೇ ಆ ಮಟ್ಟ ಮುಟ್ಟಿದ್ರೆ ಸರಿ. ಮುಟ್ಟಿಸೋಕೆ ಅಂತ ಕೊಂಡು, ಬಿಲ್ಲು ಬಾಕಿ ಉಳಿಸಿಕೊಂಡ್ರೆ, ಬೋನಸ್ಸನ್ನ ಬಡ್ಡಿನೇ ನುಂಗುತ್ತೆ. ಮೈಲು ಬಂದ್ರೂ ಆ ದಿನಕ್ಕೆ ಸೀಟು ಇರಬೇಕಲ್ಲ? ಅದನ್ನೂ ವಿಮಾನದೋರಿಗೆ ಮೊದಲೇ ಕೇಳ್ಕೋಬೇಕು.”

ಚೆಂಗ್‌ಫಾ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ನನ್ನ ಹೆಸರಲ್ಲಿ ಒಂದು ಕಾರ್ಡೂ ಇಲ್ಲ, ಮುಖ್ಯಸ್ಥರೇ. ಯಾರೂ ಕೊಟ್ಟಿಲ್ಲ, ನಾನೂ ಕೇಳಿಲ್ಲ. ನಾನು ಹೊಸಬನಾ?”

“ಅಪ್ಪಟ ಹೊಸಬ.”

“ಆ ನೀಲಿದು. ಅರ್ಧ ಕೊಡೋದು. ಅದರ ಖರ್ಚಿನ ಮಟ್ಟ ನಮ್ಮ ಹಿಟ್ಟು, ಡೀಸೆಲ್ಲಿಗೇ ಮುಟ್ಟುತ್ತಾ? ನನ್ನ ಮೈಲಲ್ಲಿ ಇವಳು ಕೂರಬಹುದಾ?”

ಲೂ ಅಲ್ಲಿಂದಲೇ ನೀಲಿ ಬ್ಯಾಂಕಿಗೂ ವಿಮಾನ ಕಂಪನಿಗೂ ಫೋನು ಮಾಡಿ ವಿಚಾರಿಸಿದರು. ಖರ್ಚಿನ ಮಟ್ಟ ಮುಟ್ಟುತ್ತದೆ. ಹೆಂಡತಿಯ ಹೆಸರನ್ನು ಮೊದಲೇ ನೋಂದಾಯಿಸಿದರೆ ಗಂಡನ ಮೈಲುಗಳಲ್ಲಿ ಅವಳಿಗೆ ಟಿಕೆಟ್ಟು ತೆಗೆಯಬಹುದು. ಆದರೆ ಮೈಲುಗಳು ಖಾತೆಗೆ ಬರುವಷ್ಟರಲ್ಲಿ ಬಾಣಂತನ ಮುಗಿದಿರುತ್ತದೆ.

“ಮಗುಗೆ ನಾಲ್ಕು ತಿಂಗಳಾದಾಗ ಜೊಲ್ಲು ಒರೆಸೋ ಶಾಸ್ತ್ರ ಇರುತ್ತಲ್ಲ,” ಎಂದ ಚೆಂಗ್‌ಫಾ, ಹೆಂಡತಿಯ ಕಡೆ ನೋಡದೆ. “ಅದಕ್ಕೆ ಸರಿಯಾಗಿ ಹೋಗ್ತೀಯ. ವಾಪಸ್ ಬರೋ ಟಿಕೆಟ್ಟಿಗೆ ಸಮುದ್ರ ಇದೆ. ನಾನು ಮೀನು ಹಿಡೀತೀನಿ. ಬಿಲ್ಲು ಬಂದ ದಿನಾನೇ ಪೂರ್ತಿ ಕಟ್ತೀನಿ, ಆಣೆ.”

ಮೇಯುನ್ ತಲೆಯಾಡಿಸಿದಳು. ಕಣ್ಣೀರು ಬರಲಿಲ್ಲ. ತಾನು ಮಗಳಿಗೆ ಕೊಟ್ಟ ಮಾತು ಮುರಿದುಹೋಗಿತ್ತು. ಅದರ ಚೂರೊಂದನ್ನು ಈ ಮುದುಕ ಆಯ್ದು ಕೈಗಿಡುತ್ತಿದ್ದ.

ಹೊರಡುವಾಗ ಲೂ ತಡೆದು ಕೇಳಿದರು. “ಒಂದು ಮಾತು. ಸಹಿ ಒಂದೇ ಸಾಲದು, ಅರ್ಜಿ ಜೊತೆ ಗುರುತಿನ ಚೀಟಿಯ ಪ್ರತಿ ಬೇಕು. ನಿನ್ನ ಪ್ರತಿ ಯಾರ ಹತ್ರ ಇದೆ?”

ಮೇಯುನ್ ಬಾಯಿ ತೆರೆದಳು. ಹೋದ ವರ್ಷ ಕುಣಿತದ ತಂಡದವರು ದೋಣಿಯಲ್ಲಿ ಪ್ರವಾಸ ಹೋದಾಗ ವಿಮೆಗೆಂದು ಎಲ್ಲರೂ ಪ್ರತಿ ಕೊಟ್ಟಿದ್ದರು. ಕೊಟ್ಟದ್ದು ಯಾರ ಕೈಗೆ ಎಂಬುದು ನೆನಪಾದದ್ದೇ ತಡ, ಅವಳು ಕಾರ್ಡುಗಳನ್ನು ಬಾಚಿಕೊಂಡು ಬಾಗಿಲ ಕಡೆ ನಡೆದಳು.

ಸಂಜೆ ಅವಳು ಸೂಟ್‌ಕೇಸನ್ನು ಬರಿದು ಮಾಡುತ್ತಿದ್ದಳು. ಎಳ್ಳೆಣ್ಣೆಯ ಡಬ್ಬಿಗಳು ಹಳೆಯ ಬಟ್ಟೆಯ ಚೀಲಕ್ಕೆ ಹೋದವು. ಕೆಂಪು ಟೊಪ್ಪಿಗೆ ಮಾತ್ರ ಕೈಯಲ್ಲೇ ಉಳಿಯಿತು. ನಾಲ್ಕು ತಿಂಗಳ ಮಗುವಿಗೆ ಅದು ಚಿಕ್ಕದಾಗುತ್ತದೆ. ಬಿಚ್ಚಿ ಮತ್ತೆ ಹೆಣೆಯಬೇಕು. ಆಗ ಮುಖ್ಯಸ್ಥರ ಕಚೇರಿಯ ಮೇಲಿನ ಧ್ವನಿವರ್ಧಕ ಕರಕರ ಎಂದಿತು. ಲೂ ಅವರ ದನಿಯಲ್ಲ. ಹೆಣ್ಣುದನಿ. ಗಾಳಿ ಅದನ್ನು ಹರಿದು ಹರಿದು ಮನೆಮನೆಗೆ ಹಂಚುತ್ತಿತ್ತು.

“ಅಕ್ಕಂದಿರೇ, ಅಣ್ಣಂದಿರೇ, ಕೈಲಿರೋ ಕೆಲಸ ಒಂದು ಗಳಿಗೆ ನಿಲ್ಸಿ ಕೇಳಿ. ನಿಮ್ಮನೇಲಿ ಬೆಳ್ಳಿ ಬಣ್ಣದ ಸೂಟ್‌ಕೇಸ್ ಇದ್ರೆ, ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಕಾರ್ಡೂ ಇದೆ. ನಾಳೆನೇ ಬ್ಯಾಂಕಿಗೆ ಕೇಳಿ. ಬೇಡದ್ದನ್ನ ಮುಚ್ಚಿಸಿ. ನಂಟಿಗೆ, ದಾಕ್ಷಿಣ್ಯಕ್ಕೆ, ಯಾರದೋ ಕೆಲಸ ಉಳಿಸೋಕೆ ಅಂತ ಸಹಿ ಹಾಕ್ಬೇಡಿ. ವಿಮಾನದ ಕಾರ್ಡು ಬೇಕಿದ್ರೆ ತಗೊಳ್ಳಿ, ತಪ್ಪಲ್ಲ. ಆದ್ರೆ ದೊಡ್ಡ ಬೋನಸ್ಸು ಕಂಡು ಓಡ್ಬೇಡಿ. ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ. ನಾನು ಹೊಸ ಗ್ರಾಹಕನಾ, ಎಷ್ಟು ಖರ್ಚು ಮಾಡ್ಬೇಕು, ಶುಲ್ಕ ಎಷ್ಟು, ಮೈಲು ಯಾವತ್ತು ಬರುತ್ತೆ, ಬಿಲ್ಲು ಪೂರ್ತಿ ಕಟ್ಟೋ ಶಕ್ತಿ ನನಗಿದ್ಯಾ, ಕೇಳ್ಕೊಳ್ಳಿ. ಬ್ಯಾಂಕಿಂದ ಬಂದ ಲಕೋಟೆ ಒಡೆದು ಓದಿ. ನಾವು ದ್ವೀಪದೋರು, ನಮಗೆ ವಿಮಾನದ ಸೀಟು ಅಂದ್ರೆ ಷೋಕಿ ಅಲ್ಲ, ಹೆರಿಗೆಗೆ, ಸಾವಿಗೆ ತಲುಪೋ ದಾರಿ.”

ದನಿ ನಿಂತಿತು. ಚೆಂಗ್‌ಫಾ ಬಲೆಯನ್ನು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಟೊಪ್ಪಿಗೆಯ ನೂಲನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಧ್ವನಿವರ್ಧಕ ಮತ್ತೆ ಕರಕರ ಎಂದಿತು.

“ಆಮೆ ಹಬ್ಬದ ರಾತ್ರಿ ಊರಿನ ಹೆಂಗಸರ ಮುಂದೆ ಎರಡನೇ ಹಾಳೆ ಹಿಡಿದದ್ದು, ವಿಮೆಗೆ ಕೊಟ್ಟ ಗುರುತಿನ ಚೀಟಿಯ ಪ್ರತಿಗಳನ್ನ ಬ್ಯಾಂಕಿಗೆ ಕಾರ್ಡು ಮಾಡಿಸೋ ಕೆಲಸದಲ್ಲಿರೋ ತಂಗಿ ಮಗನ ಕೈಗೆ ಕೊಟ್ಟದ್ದು, ಇದರಿಂದ ಯಾರಿಗೇನು ನಷ್ಟ ಅಂದ್ಕೊಂಡು ಮರೆತೇಬಿಟ್ಟದ್ದು ಒಬ್ಬಳೇ. ಅವಳ ಹೆಸರು ಕೇಳಿಸ್ಕೊಳ್ಳಿ.”

“ಹಾಂಗ್ ಆಕ್ವೆಯ್. ನಾನೇ.”